ತೊಡೆಯ ತೊಗಲು

ಥಿಯೇಟರಿನ ಬಾಗಿಲಲ್ಲಿ ಟ್ರಾಲಿಯ ಮೇಲೆ ಮಲಗಿದ್ದ ಹೆಂಗಸು ನನ್ನ ಕೈಯಲ್ಲಿದ್ದ ಬಾಟಲಿ ನೋಡಿ ಕೇಳಿದಳು: "ಅದು ಯಾರ್ದು ಸಿಸ್ಟ್ರೇ?"

ಮಂಡ್ಯ ಕಡೆಯವಳು. ಸ್ಟವ್ ಹತ್ತಿಕೊಂಡು ಎದೆ, ಹೊಟ್ಟೆ, ಬೆನ್ನು, ಎರಡೂ ತೊಡೆ ಸುಟ್ಟಿದ್ದವು. ಅವಳದೇ ಚರ್ಮ ತೆಗೆದು ಗ್ರಾಫ್ಟ್ ಮಾಡೋಣವೆಂದರೆ ತೆಗೆಯಲು ಸಾಕಷ್ಟು ಜಾಗ ಉಳಿದಿರಲಿಲ್ಲ. ಬಾಟಲಿಯ ಗ್ಲಿಸರಿನ್‌ನಲ್ಲಿ ಇದ್ದದ್ದು ಬೇರೆಯವರ ಚರ್ಮ, ನೆನೆದ ಹಪ್ಪಳದ ಹಾಗೆ ಬೆಳ್ಳಗೆ ಸುರುಳಿ ಸುತ್ತಿಕೊಂಡಿತ್ತು.

"ತೀರಿಕೊಂಡವರು ಯಾರೋ ದಾನ ಕೊಟ್ಟಿದ್ದು ಕಣಮ್ಮ" ಎಂದೆ. ಅವಳು ಸ್ವಲ್ಪ ಹೊತ್ತು ಸೂರು ನೋಡಿದಳು. ಆಮೇಲೆ ಅಟೆಂಡರಿಗೆ ಕೇಳಿಸದಷ್ಟು ಮೆಲ್ಲಗೆ, "ಯಾವ ಜನ?" ಎಂದಳು.

ಬಾಟಲಿಗೆ ಅಂಟಿಸಿದ್ದ ಚೀಟಿಯನ್ನು ಅವಳ ಕಣ್ಣೆದುರು ಹಿಡಿದೆ. ಒಂದು ನಂಬರು, ಒಂದು ತಾರೀಕು, ಎಚ್‌ಐವಿ ಮತ್ತು ಹೆಪಟೈಟಿಸ್ ಪರೀಕ್ಷೆ ಆಗಿದೆ ಎಂಬ ಬರಹ. "ಇಲ್ಲಿ ಅದನ್ನ ಬರೆದಿಲ್ಲ ತಾಯಿ" ಎಂದೆ. ಸುಟ್ಟವರ ಮೇಲೆ ಸಿಟ್ಟು ಮಾಡುವುದು ನನಗೆ ಬರುವುದಿಲ್ಲ. ಆದರೆ ಆ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಚರ್ಮ ಯಾರದು? ಅದನ್ನು ಕೊಡಬಹುದೆ, ಈಸಿಕೊಳ್ಳಬಹುದೆ? ಈಸಿಕೊಂಡರೆ ಆ ಋಣ ಎಲ್ಲಿಗೆ ಹೋಗಿ ಮುಟ್ಟುತ್ತದೆ? ಬೆಂಗಳೂರಿನ ಒಂದು ದೊಡ್ಡಾಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ ಮೂವತ್ತೊಂದು ವರ್ಷ ಡ್ರೆಸ್ಸಿಂಗ್ ಮಾಡಿದವಳು ನಾನು. ವೇದಾಂತ ಓದಿದವಳಲ್ಲ. ಈ ಪ್ರಶ್ನೆಯನ್ನು ಮಾತ್ರ ಕೈಯಿಂದ ಮುಟ್ಟಿ ನೋಡಿದ್ದೇನೆ.

ಆ ಹೆಂಗಸಿಗೆ ಗೊತ್ತಿರದ ಸಂಗತಿ ಒಂದಿತ್ತು. ಬಾಟಲಿ ಹಿಡಿದಿದ್ದ ಕೈ ಸಮಗಾರರ ಮನೆಯದು.

ಹುಮನಾಬಾದ್ ತಾಲ್ಲೂಕಿನ ಒಂದು ಹಳ್ಳಿ ನಮ್ಮದು. ಅಪ್ಪ ಚಪ್ಪಲಿ ಹೊಲಿಯುತ್ತಿದ್ದ, ದೊಡ್ಡಪ್ಪ ತೊಗಲು ಹದ ಮಾಡುತ್ತಿದ್ದ. ಸುಣ್ಣದ ನೀರಿನ ಗುಂಡಿಯಲ್ಲಿ ಹಸಿ ತೊಗಲು ದಿನಗಟ್ಟಲೆ ನೆನೆಯುತ್ತಿತ್ತು. ಆಮೇಲೆ ದೊಡ್ಡಪ್ಪ ಅದನ್ನು ದಿಮ್ಮಿಯ ಮೇಲೆ ಹಾಸಿ ಕೂದಲು ಹೆರೆಯುತ್ತಿದ್ದ. ಕೂದಲಿನ ಜೊತೆಗೆ ಲೋಳೆಯಂಥ ತೆಳ್ಳನೆಯ ಪೊರೆಯೊಂದು ಎದ್ದು ಬರುತ್ತಿತ್ತು, ಅದನ್ನು ತಿಪ್ಪೆಗೆ ಬಳಿದು ಹಾಕುವುದು ನನ್ನ ಕೆಲಸ. ಏಳೆಂಟು ವರ್ಷದವಳಿದ್ದಾಗ ಕೇಳಿದ್ದೆ, "ಇದೂ ತೊಗಲಲ್ಲೇನು ದೊಡ್ಡಪ್ಪಾ?" ಅಂತ. "ಮ್ಯಾಲಿಂದು ಏನೂ ಇಲ್ಲವ್ವಾ, ಒಳಗಿಂದೇ ತೊಗಲು" ಎಂದಿದ್ದ. ಉಳಿದದ್ದು ತಂಗಡಿ ತೊಗಟೆಯ ನೀರಿಗೆ ಹೋಗುತ್ತಿತ್ತು. ಅದೇ ಮುಂದೆ ಅಪ್ಪನ ರಂಪಿಗೆಯ ಕೆಳಗೆ ಬಂದು ಊರಿನ ಕಾಲುಗಳಿಗೆ ಚಪ್ಪಲಿಯಾಗುತ್ತಿತ್ತು.

ದೊಡ್ಡಪ್ಪ ಹೇಳಿದ್ದು ಅವನ ಕಸುಬಿನ ಮಟ್ಟಿಗೆ ಪೂರ್ತಿ ನಿಜ. ಚಪ್ಪಲಿಯಾಗುವುದು ಒಳಚರ್ಮ, ಡರ್ಮಿಸ್. ನಾವು ತಿಪ್ಪೆಗೆ ಹಾಕುತ್ತಿದ್ದ ಆ ಪೊರೆ ಎಪಿಡರ್ಮಿಸ್, ಮೇಲ್ಚರ್ಮ. ಮೈಯ ಬಹುಪಾಲು ಕಡೆ ಅದು ಒಂದು ಕಾಗದದಷ್ಟೇ ದಪ್ಪ. ಆದರೆ ಗಾಯ ಮುಚ್ಚುವುದು ಅದೇ. ನರ್ಸಿಂಗ್ ಶಾಲೆಯ ಪುಸ್ತಕದಲ್ಲಿ ಆ ಚಿತ್ರ ನೋಡಿದ ದಿನ ನನಗೆ ಸುಣ್ಣದ ವಾಸನೆ ಬಂದ ಹಾಗಾಯಿತು.

ಕನ್ನಡದಲ್ಲಿ ಗಾಯ 'ಮಾಯುತ್ತದೆ' ಅನ್ನುತ್ತೇವೆ. ವಾಸಿಯಾಗುವುದು, ಗುಣವಾಗುವುದು ಯಾವ ಕಾಯಿಲೆಗಾದರೂ ಸಲ್ಲುವ ಮಾತು. ಮಾಯುವುದು ಗಾಯವೊಂದೇ. ಅದು ಹೇಗೆ ಮಾಯುತ್ತದೆ ಎಂದು ಹತ್ತಿರದಿಂದ ನೋಡಿದವರು ಕಡಿಮೆ. ಮೇಲುಮೇಲೆ ಸುಟ್ಟ ಗಾಯದ ಪಟ್ಟಿಯನ್ನು ಏಳನೆಯ ದಿನವೋ ಎಂಟನೆಯ ದಿನವೋ ಸಲೈನ್ ಹಾಕಿ ನೆನೆಸಿ ಬಿಚ್ಚಿದರೆ, ಕೆಂಪು ಮಾಂಸದ ನಡುವೆ ಅಲ್ಲಲ್ಲಿ ಸಾಸಿವೆ ಕಾಳಿನಷ್ಟು ಬೆಳ್ಳನೆಯ ಚುಕ್ಕೆಗಳು ಕಾಣುತ್ತವೆ. ಹೊಸದಾಗಿ ಬಂದ ನರ್ಸುಗಳು ಅದನ್ನು ಕೀವೆಂದು ಒರೆಸಲು ಹೋಗುತ್ತಾರೆ. ನಾನು ಕೈ ಹಿಡಿಯುತ್ತಿದ್ದೆ. ಒಂದೊಂದು ಚುಕ್ಕೆಯೂ ಒಂದು ಕೂದಲ ಬುಡ. ಮೇಲ್ಚರ್ಮವೆಲ್ಲ ಸುಟ್ಟು ಹೋದರೂ ಕೂದಲ ಬುಡದ ಆಳದಲ್ಲಿ ಕೆಲವು ಕೋಶಗಳು ಉಳಿದಿರುತ್ತವೆ. ಅವು ಮೇಲೆದ್ದು ಬಂದು ಸುತ್ತಲೂ ಹರಡುತ್ತವೆ. ಎರಡು ದಿನ ಬಿಟ್ಟು ನೋಡಿದರೆ ಸಾಸಿವೆ ಕಡಲೆಯಾಗಿರುತ್ತದೆ, ಇನ್ನೆರಡು ದಿನಕ್ಕೆ ಚುಕ್ಕೆಗೆ ಚುಕ್ಕೆ ಸೇರಿಕೊಂಡಿರುತ್ತದೆ. ಗಾಯ ತೀರ ಆಳವಾಗಿ ಕೂದಲ ಬುಡವೇ ಸುಟ್ಟಿದ್ದರೆ ಚುಕ್ಕೆ ಏಳುವುದಿಲ್ಲ. ಅಂಥ ಗಾಯ ಅಂಚಿನಿಂದ ಮಾತ್ರ ಒಳಕ್ಕೆ ತೆವಳಬೇಕು. ದೊಡ್ಡ ಗಾಯವಾದರೆ ಅಷ್ಟು ದೂರ ತೆವಳುವ ಹೊತ್ತಿಗೆ ಸೋಂಕು ಬಂದು ಪ್ರಾಣ ಹೋಗಿರುತ್ತದೆ.

ಆ ಚುಕ್ಕೆಯೇ ಸ್ಟೆಮ್ ಸೆಲ್ಲಿನ ಕೆಲಸ. ಆಕರಕೋಶ, ಕಾಂಡಕೋಶ ಅಂತೆಲ್ಲ ಬರೆಯುತ್ತಾರೆ, ವಾರ್ಡಿನಲ್ಲಿ ನಾವು ಸ್ಟೆಮ್ ಸೆಲ್ ಎಂದೇ ಅನ್ನುವುದು. ಗಾಯ ಇಲ್ಲದಾಗಲೂ ಅದು ಸುಮ್ಮನಿರುವುದಿಲ್ಲ. ಮೇಲ್ಚರ್ಮದ ತಳದಲ್ಲಿ ಕೂತು ದಿನವೂ ಹೊಸ ಕೋಶ ಹುಟ್ಟಿಸುತ್ತದೆ. ಅವು ಮೇಲೇರುತ್ತಾ ಸತ್ತು, ಒಣಗಿ ಉದುರುತ್ತವೆ. ಹೆಚ್ಚುಕಡಿಮೆ ತಿಂಗಳಿಗೊಮ್ಮೆ ನಮ್ಮ ಮೇಲ್ಚರ್ಮ ಪೂರ್ತಿ ಹೊಸದು. ಹೀಗಿರುವಾಗ 'ನನ್ನ ಚರ್ಮ' ಎಂದು ಯಾವುದನ್ನು ಹಿಡಿದು ಹೇಳುವುದು? ಹೋದ ದೀಪಾವಳಿಗೆ ಎಣ್ಣೆ ಹಚ್ಚಿಕೊಂಡದ್ದು ಈಗ ಮೈಮೇಲಿಲ್ಲ.

ವಾರ್ಡಿನಲ್ಲಿ ಇದಕ್ಕಿಂತ ಕಠಿಣವಾದ ಪ್ರಶ್ನೆಯೊಂದಿತ್ತು. ಸುಟ್ಟವರ ಪಕ್ಕ ಕೂತ ನೆಂಟರಲ್ಲಿ ಒಬ್ಬರಾದರೂ ಹಣೆಬರಹ ಎನ್ನುತ್ತಾರೆ, ಹೋದ ಜನ್ಮದ ಕರ್ಮ ಎನ್ನುತ್ತಾರೆ. ಕೆಲವರು ಸಂಕಟಕ್ಕೆ ಹೇಳುತ್ತಾರೆ, ಕೆಲವರು ತಪ್ಪು ಮುಚ್ಚಲು ಹೇಳುತ್ತಾರೆ. ಒಂದು ಸಲ ಗಂಡ ಹೆಂಡತಿ ಇಬ್ಬರೂ ಬಂದರು. ಅವನೇ ಸೀಮೆಎಣ್ಣೆ ಸುರಿದಿದ್ದ. ಕಡೆಗೆ ಭಯವಾಗಿಯೋ ಏನೋ ಆರಿಸಲು ಹೋಗಿ ಎರಡೂ ಕೈ ಸುಟ್ಟುಕೊಂಡಿದ್ದ. ಬೆಳಿಗ್ಗೆ ಅವಳಿಗೆ ಡ್ರೆಸ್ಸಿಂಗ್ ಮಾಡಿ, ಕೈ ತೊಳೆದು, ಪಕ್ಕದ ಗಂಡಸರ ವಾರ್ಡಿಗೆ ಹೋಗಿ ಅವನಿಗೂ ಮಾಡುತ್ತಿದ್ದೆ. ಅವಳು ಆರನೆಯ ದಿನ ತೀರಿಕೊಂಡಳು. ಒಂಬತ್ತನೆಯ ದಿನ ಅವನ ಮುಂಗೈ ಮೇಲೆ ಬಿಳಿ ಚುಕ್ಕೆ ಎದ್ದವು. ಅಷ್ಟು ಅಚ್ಚುಕಟ್ಟಾದ ಚುಕ್ಕೆಗಳನ್ನು ನಾನು ನೋಡಿದ್ದು ಕಡಿಮೆ.

ಅಂದು ನಾನು ಊಟ ಮಾಡಲಿಲ್ಲ. ಆಮೇಲೆ ಎಷ್ಟೋ ವರ್ಷ ಅದನ್ನೇ ಯೋಚಿಸಿದೆ. ನೋವು ಕರ್ಮದ ಫಲವಾದರೆ ಮಾಯುವುದು ಯಾವುದರ ಫಲ? ಅವನು ಗಳಿಸಿದ ಪುಣ್ಯವೇನು? ಈಗ ನನ್ನ ನಂಬಿಕೆ ಇಷ್ಟು: ಚರ್ಮಕ್ಕೆ ಪುಣ್ಯಪಾಪದ ಲೆಕ್ಕ ಇಲ್ಲ. ಗಾಯವಾದೊಡನೆ ಕೂದಲ ಬುಡದ ಕೋಶ ಎಚ್ಚರಗೊಳ್ಳುತ್ತದೆ, ಯಾರ ಕೈ ಎಂದು ಕೇಳುವುದಿಲ್ಲ. ದೇವರು ಎನ್ನುವ ಮಾತಿಗೆ ಅರ್ಥವಿದ್ದರೆ ಅದು ನನಗೆ ಸಿಕ್ಕಿದ್ದು ಅಲ್ಲಿ, ಯೋಗ್ಯತೆ ಕೇಳದ ಆ ಎಚ್ಚರದಲ್ಲಿ. ಅವನಿಗೆ ಶಿಕ್ಷೆ ಕೊಡುವುದು ಕೋರ್ಟಿನ ಕೆಲಸ, ಆ ಕೆಲಸವನ್ನು ಗಾಯದ ಕೈಗೆ ಕೊಡಬಾರದು. ನೆಂಟರ ಬಾಯಲ್ಲಿ ಕರ್ಮದ ಮಾತು ಬಂದಾಗಲೆಲ್ಲ ನಾನು, "ಅಮ್ಮಾ, ಮಾತಾಡೋದು ಬಿಟ್ಟು ಇವಳಿಗೆ ಎರಡು ಮೊಟ್ಟೆ ತಿನ್ನಿಸಿ, ಚರ್ಮ ಬರ್ಲಿ" ಎನ್ನುತ್ತಿದ್ದೆ.

ಚುಕ್ಕೆ ಏಳದ ಗಾಯಕ್ಕೆ ಏನು ಮಾಡುವುದು? ನಮ್ಮ ಕೆಲಸದ ಸಂಕಟವೆಲ್ಲ ಈ ಪ್ರಶ್ನೆಯಲ್ಲಿದೆ. 1975ರಲ್ಲಿ ಅಮೆರಿಕದಲ್ಲಿ ಹೊವರ್ಡ್ ಗ್ರೀನ್ ಮತ್ತು ಅವರ ವಿದ್ಯಾರ್ಥಿ ಜೇಮ್ಸ್ ರೈನ್‌ವಾಲ್ಡ್ ಮನುಷ್ಯರ ಮೇಲ್ಚರ್ಮದ ಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸುವ ದಾರಿ ಕಂಡುಹಿಡಿದರು. ತಳದಲ್ಲಿ ಇಲಿಯ ಕೋಶಗಳ ಹಾಸು. ಅವು ತಾವು ಹೆಚ್ಚದಂತೆ ವಿಕಿರಣ ಕೊಟ್ಟು, ಮೇಲಿನ ಕೋಶಗಳನ್ನು ಸಾಕುವ ಕೆಲಸಕ್ಕೆ ಮಾತ್ರ ಉಳಿಸಿಕೊಂಡಿದ್ದರು. ಜೊತೆಗೆ ಕರುವಿನ ರಕ್ತದಿಂದ ತೆಗೆದ ಸೀರಮ್. ಅಂಚೆಚೀಟಿಯಷ್ಟು ಚರ್ಮವಿದ್ದರೆ ಮೂರುನಾಲ್ಕು ವಾರದಲ್ಲಿ ಇಡೀ ಮೈ ಮುಚ್ಚುವಷ್ಟು ಹಾಳೆ ಬೆಳೆಯುತ್ತದೆ. 1983ರಲ್ಲಿ ಮೈಯ ನೂರಕ್ಕೆ 95 ಭಾಗಕ್ಕಿಂತ ಹೆಚ್ಚು ಸುಟ್ಟಿದ್ದ ಇಬ್ಬರು ಪುಟ್ಟ ಅಣ್ಣತಮ್ಮಂದಿರನ್ನು ಬಾಸ್ಟನ್ನಿನ ಆಸ್ಪತ್ರೆಗೆ ತಂದರು. ಅವರ ಮೈಯ ಸುಮಾರು ಅರ್ಧವನ್ನು ಹೀಗೆ ಬೆಳೆಸಿದ ಹಾಳೆಗಳಿಂದ ಮುಚ್ಚಿದರು. ಮಕ್ಕಳು ಬದುಕಿದವು. ನಮ್ಮ ವಾರ್ಡಿನಲ್ಲಿ 95 ಅಂದರೆ ಮನೆಯವರನ್ನು ಕರೆದು ಕೂರಿಸಿ ಮಾತಾಡುವ ಅಂಕಿ.

ಆ ಹಾಳೆ ಬಹಳ ನಾಜೂಕು. ಬೆವರು ಗ್ರಂಥಿ ಇಲ್ಲ, ಕೂದಲಿಲ್ಲ. ಸ್ವಲ್ಪ ಉಜ್ಜಿದರೂ ಗುಳ್ಳೆ ಏಳುತ್ತದೆ. ಬಿಸಿಲು ತಡೆಯುವುದಿಲ್ಲ. ಮೇಲ್ಚರ್ಮ ಬೆಳೆಸಿದರೇನು, ಅದು ಹಿಡಿದು ನಿಲ್ಲಲು ಕೆಳಗೆ ಡರ್ಮಿಸ್ ಬೇಕು. ದೊಡ್ಡಪ್ಪನ ಮಾತು ಇಲ್ಲಿ ಮತ್ತೆ ನೆನಪಾಗುತ್ತದೆ.

2015ರಲ್ಲಿ ಜರ್ಮನಿಯ ಬೋಖಮ್ ಊರಿನ ಆಸ್ಪತ್ರೆಗೆ ಸಿರಿಯಾದಿಂದ ವಲಸೆ ಬಂದ ಮನೆಯ ಏಳು ವರ್ಷದ ಹುಡುಗನೊಬ್ಬ ಬಂದ. ಬೆಂಕಿ ಬಿದ್ದದ್ದಲ್ಲ. ಮೇಲ್ಚರ್ಮವನ್ನು ಕೆಳಗಿನದಕ್ಕೆ ಹಿಡಿಸುವ ಒಂದು ಪ್ರೋಟೀನು ಅವನಲ್ಲಿ ಹುಟ್ಟಿನಿಂದ ಸರಿ ಇರಲಿಲ್ಲ. ಮುಟ್ಟಿದಲ್ಲೆಲ್ಲ ಚರ್ಮ ಕಿತ್ತು ಬರುತ್ತಿತ್ತು. ಅಪ್ಪ ತನ್ನ ಚರ್ಮ ಕೊಟ್ಟ. ಮಗನ ಮೈ ಅದನ್ನು ಹಿಡಿಯಲಿಲ್ಲ. ಕಡೆಗೆ ಇಟಲಿಯ ಮೊಡೆನಾದಲ್ಲಿದ್ದ ಮಿಕೆಲೆ ಡೆ ಲೂಕಾ ಅವರ ತಂಡಕ್ಕೆ ಹುಡುಗನ ತೊಡೆಸಂದಿಯಿಂದ ನಾಲ್ಕು ಚದರ ಸೆಂಟಿಮೀಟರ್ ಚರ್ಮ ಕಳಿಸಿದರು. ಅವರು ಆ ಕೋಶಗಳಿಗೆ ಸರಿಯಾದ ಜೀನ್ ಸೇರಿಸಿ, ಹಾಳೆಗಳಾಗಿ ಬೆಳೆಸಿ ಕೊಟ್ಟರು. ಮೂರು ಆಪರೇಷನ್‌ಗಳಲ್ಲಿ ಮೈಯ ಸುಮಾರು 80 ಭಾಗದ ಮೇಲ್ಚರ್ಮ ಹೊಸದಾಯಿತು. ಹುಡುಗ ಶಾಲೆಗೆ ಹೋದ, ಚೆಂಡಾಡಿದ. 2017ರಲ್ಲಿ ಅದರ ವರದಿ ಬಂತು. ಹೊಸ ಚರ್ಮವನ್ನು ಪರೀಕ್ಷಿಸಿದಾಗ ಇನ್ನೊಂದು ಸಂಗತಿಯೂ ತಿಳಿಯಿತು. ಹಾಕಿದ ಲೆಕ್ಕವಿಲ್ಲದಷ್ಟು ಕೋಶಗಳಲ್ಲಿ ಬಹುಪಾಲು ಕೆಲವೇ ತಿಂಗಳಲ್ಲಿ ಮರೆಯಾಗಿದ್ದವು. ಉಳಿದು ಇಡೀ ಮೈಯನ್ನು ಹೊತ್ತದ್ದು ಅವುಗಳ ನಡುವೆ ಇದ್ದ ಕೆಲವೇ ನಿಜವಾದ ಸ್ಟೆಮ್ ಸೆಲ್‌ಗಳು.

ಅಪ್ಪನ ಚರ್ಮ ಹಿಡಿಯಲಿಲ್ಲ ಎಂಬ ಮಾತನ್ನು ಓದಿ ನಾನು ಬಹಳ ಹೊತ್ತು ಕೂತಿದ್ದೆ. "ಯಾವ ಜನ?" ಎಂದು ಕೇಳಿದ ಆ ಹೆಂಗಸಿಗೆ ಅಂದು ಈ ಉತ್ತರ ನನಗೆ ಹೊಳೆದಿರಲಿಲ್ಲ. ಮೈಗೆ ಗೊತ್ತಿರುವ ಜಾತಿ ಎರಡೇ, ತಾನು ಮತ್ತು ಉಳಿದವರು. ಆ ಉಳಿದವರಲ್ಲಿ ಹೆತ್ತ ಅಪ್ಪನೂ ಸೇರಿದ, ದಾರಿಹೋಕನೂ ಸೇರಿದ. ಅವಳ ಕುಲದವರದೇ ಚರ್ಮ ತಂದು ಹಾಕಿದ್ದರೂ ಮೂರು ವಾರಕ್ಕೆ ಅದು ಉದುರಿಯೇ ಉದುರುತ್ತಿತ್ತು. ದಾನದ ಚರ್ಮ ಇರುವುದು ಅಷ್ಟೇ ದಿನ. ಅಷ್ಟು ದಿನ ಅದು ನೀರು ಸೋರದಂತೆ ತಡೆಯುತ್ತದೆ, ಸೋಂಕು ತಡೆಯುತ್ತದೆ, ನೋವು ಕಡಿಮೆ ಮಾಡುತ್ತದೆ. ಪ್ರಯೋಗಾಲಯದಲ್ಲಿ ಸ್ವಂತ ಚರ್ಮ ಬೆಳೆಯಲು ಬೇಕಾದ ಕಾಲವೂ ಹೆಚ್ಚುಕಡಿಮೆ ಅಷ್ಟೇ. 1986ರಲ್ಲಿ ಚಾರ್ಲ್ಸ್ ಕುವೊನೊ ಎಂಬ ಸರ್ಜನ್ ಎರಡನ್ನೂ ಕೂಡಿಸಿದರು. ಮೊದಲು ಸತ್ತವರ ಚರ್ಮ ಹೊದಿಸಿ, ಸ್ವಂತದ್ದು ಬೆಳೆದು ಬಂದಾಗ ದಾನದ ಮೇಲ್ಪೊರೆಯನ್ನು ಮಾತ್ರ ಹೆರೆದು ತೆಗೆದು, ಉಳಿದ ಡರ್ಮಿಸ್ ಮೇಲೆ ರೋಗಿಯದೇ ಹಾಳೆ ಹಾಸಿದರು. ಮೈ ಜಗಳಕ್ಕೆ ಬರುವುದು ಹೆಚ್ಚಾಗಿ ಮೇಲ್ಪೊರೆಯ ಮೇಲೆ. ಒಳಗಿನದನ್ನು ಅದು ಅಷ್ಟಾಗಿ ದೂಡುವುದಿಲ್ಲ.

ಅಂದರೆ ಮೇಲೆ ತನ್ನದು, ಕೆಳಗೆ ಯಾರದೋ. ನಮ್ಮ ದೊಡ್ಡಪ್ಪ ತಿಪ್ಪೆಗೆ ಹಾಕಿಸುತ್ತಿದ್ದ ಪದರ ಇಲ್ಲಿ ಸ್ವಂತದ್ದು, ಚಪ್ಪಲಿಗೆ ಇಟ್ಟುಕೊಳ್ಳುತ್ತಿದ್ದ ಪದರ ಪರರದ್ದು.

ಇಲ್ಲಿಗೆ ಬಂದಾಗ ನನಗೆ ಹರಳಯ್ಯ ನೆನಪಾಗದೆ ಇರುವುದಿಲ್ಲ. ನಮ್ಮ ಕುಲದ ಹಿರಿಯ ಅವನು. ಬಸವಕಲ್ಯಾಣದ ಅವನ ಗವಿಗೆ ಅಜ್ಜಿ ನನ್ನನ್ನು ಎರಡು ಸಲ ನಡೆಸಿಕೊಂಡು ಹೋಗಿದ್ದಳು. ಹರಳಯ್ಯ ಶರಣು ಎಂದರೆ ಬಸವಣ್ಣ ಶರಣು ಶರಣಾರ್ಥಿ ಎಂದನಂತೆ. ಒಂದಕ್ಕೆ ಎರಡು. ಆ ಹೆಚ್ಚಿನ ಒಂದು ಶರಣಿನ ಭಾರ ಹೊರಲಾರದೆ ಹರಳಯ್ಯ ತನ್ನ ಬಲತೊಡೆಯ ತೊಗಲು, ಹೆಂಡತಿ ಕಲ್ಯಾಣಮ್ಮ ತನ್ನ ಎಡತೊಡೆಯ ತೊಗಲು ತೆಗೆದು ಚಮ್ಮಾವುಗೆ ಮಾಡಿ ತಂದರು. ಬಸವಣ್ಣ ಅದನ್ನು ಮೆಟ್ಟಲಿಲ್ಲ, ತಲೆಯ ಮೇಲಿಟ್ಟುಕೊಂಡ. ದಾರಿಯಲ್ಲಿ ಅದನ್ನು ಮೆಟ್ಟಲು ಹೋದ ಮಧುವರಸ ಎಂಬ ಬ್ರಾಹ್ಮಣನಿಗೆ ಮೈಯೆಲ್ಲ ಉರಿ ಹತ್ತಿತಂತೆ. ಯಾವ ಮದ್ದಿಗೂ ಆರದ ಆ ಉರಿ ಹರಳಯ್ಯನ ಮನೆಯ ತೊಗಲು ನೆನೆಸಿದ ನೀರಿಗೆ ಆರಿತು ಎಂದು ಅಜ್ಜಿ ಹೇಳುತ್ತಿದ್ದಳು. ಮುಂದೆ ಆ ಎರಡು ಮನೆ ಬೀಗರಾದದ್ದಕ್ಕೆ ಕಲ್ಯಾಣದಲ್ಲಿ ರಕ್ತ ಹರಿದದ್ದು ಎಲ್ಲರಿಗೂ ಗೊತ್ತು.

ಬಸವಣ್ಣ ಯಾಕೆ ಮೆಟ್ಟಲಿಲ್ಲ? ಪುರಾಣ ಹೇಳುವವರು ಭಕ್ತಿ, ವಿನಯ ಎನ್ನುತ್ತಾರೆ. ತೊಡೆಯಿಂದ ಚರ್ಮ ತೆಗೆಯುವುದನ್ನು ನೂರಾರು ಸಲ ನೋಡಿದ ನನಗೆ ಬೇರೆ ಅನ್ನಿಸುತ್ತದೆ. ಗ್ರಾಫ್ಟಿಗೆ ಚರ್ಮ ತೆಗೆಯುವುದು ಈಗಲೂ ಹೆಚ್ಚಾಗಿ ತೊಡೆಯಿಂದಲೇ. ರೋಗಿಗಳು ಸುಟ್ಟ ಜಾಗಕ್ಕಿಂತ ತೆಗೆದ ಜಾಗ ಹೆಚ್ಚು ಉರಿಯುತ್ತದೆ ಎಂದು ಅಳುತ್ತಾರೆ. ಆ ನೋವನ್ನು ಬಲ್ಲವನು ಅಂಥದ್ದನ್ನು ಬಳಸಿ ಸವೆಸಲಾರ. ಹರಳಯ್ಯ ಋಣ ತೀರಿಸಲು ಬಂದ, ಬಸವಣ್ಣ ತೀರಿತು ಎನ್ನಲಿಲ್ಲ, ತಲೆಯ ಮೇಲೆ ಹೊತ್ತುಕೊಂಡ. 'ನನ್ನ ಚರ್ಮ ಸುಲಿದು ಚಪ್ಪಲಿ ಮಾಡಿ ಹಾಕಿದರೂ ನಿಮ್ಮ ಋಣ ತೀರದು' ಎಂದು ನಾವು ಬಾಯಿಮಾತಿಗೆ ಆಡುತ್ತೇವಲ್ಲ, ಚರ್ಮ ಕೊಟ್ಟರೂ ಋಣ ತೀರುವುದಿಲ್ಲ ಎಂದು ಆ ಮಾತೇ ಒಪ್ಪಿಕೊಂಡುಬಿಟ್ಟಿದೆ.

ಸ್ಟೆಮ್ ಸೆಲ್ ಬಂದ ಮೇಲೆ ಇನ್ನು ಯಾರ ಹಂಗೂ ಇಲ್ಲ, ತನ್ನ ಚರ್ಮ ತಾನೇ ಬೆಳೆಸಿಕೊಳ್ಳಬಹುದು ಎಂದು ಹಿಂದೊಮ್ಮೆ ನಮ್ಮ ಘಟಕದ ಕಿರಿಯ ಡಾಕ್ಟರೊಬ್ಬರು ಸಂತೋಷದಿಂದ ಹೇಳಿದ್ದರು. ಅವರ ಸಂತೋಷ ನನಗೂ ಆಯಿತು. ಆದರೆ ಹಂಗು ಎಲ್ಲಿ ತಪ್ಪಿತು? ಇಲಿಯ ಕೋಶ, ಕರುವಿನ ರಕ್ತ, ಮೂರು ವಾರ ಮೈ ಕಾದ ಸತ್ತವರ ಚರ್ಮ, ಗಾಯದ ಬಟ್ಟೆ ಎತ್ತುವ ಆಯಾ. ಮಾಂಸ ಮುಟ್ಟದ ಮನೆಯವರೊಬ್ಬರು ಕರುವಿನ ವಿಷಯ ತಿಳಿದು, ಬೇಡವೆನ್ನಲಾ ಎಂದು ನನ್ನ ಕೇಳಿದ್ದುಂಟು. ಬೇಡವೆನ್ನಬೇಡಿ, ಆದರೆ ಮರೆಯಬೇಡಿ ಎಂದೆ. ನನಗೆ ತೋಚಿದ್ದು ಅಷ್ಟೇ, ಇವತ್ತಿಗೂ ಅದಕ್ಕಿಂತ ಒಳ್ಳೆಯ ಉತ್ತರ ನನ್ನಲ್ಲಿಲ್ಲ.

ಮಂಡ್ಯದ ಹೆಂಗಸಿನ "ಯಾವ ಜನ?" ಎಂಬ ಪ್ರಶ್ನೆಗೆ ಸಂಬಂಧಪಟ್ಟ ಇನ್ನೊಂದು ಹಳೆಯ ಸಂಗತಿ. 1792ರ ಟಿಪ್ಪು ಯುದ್ಧದಲ್ಲಿ ಇಂಗ್ಲಿಷರ ಸೈನ್ಯದ ಎತ್ತಿನ ಗಾಡಿಯವನೊಬ್ಬ ಸೆರೆಸಿಕ್ಕು ಮೂಗು ಕೊಯ್ಯಿಸಿಕೊಂಡ. ಆಮೇಲೆ ಪುಣೆಯಲ್ಲಿ ಅವನ ಹಣೆಯ ಚರ್ಮವನ್ನೇ ಇಳಿಸಿ ಹೊಸ ಮೂಗು ಮಾಡಿದರು. ಇಂಗ್ಲಿಷ್ ವೈದ್ಯರು ನಿಂತು ನೋಡಿದರು, 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಚಿತ್ರ ಸಮೇತ ಬಂತು. ಇಂದಿನ ಪ್ಲಾಸ್ಟಿಕ್ ಸರ್ಜರಿ ಆ ವರದಿಗೆ ಋಣಿ. ಚರ್ಮ ಕೊಯ್ದು ಕೂರಿಸಿದ ಕೈ ಇಟ್ಟಿಗೆ ಮಾಡುವ ಕುಲದವನದು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಸ್ಟೆಮ್ ಸೆಲ್ ಎಂಬ ಹೆಸರು ಇಟ್ಟುಕೊಂಡು ಸಕ್ಕರೆ ಕಾಯಿಲೆಯ ಹುಣ್ಣಿಗೆ, ಸುಟ್ಟ ಕಲೆಗೆ, ಕೂದಲಿಗೆ ಲಕ್ಷಗಟ್ಟಲೆ ಕೀಳುವವರಿದ್ದಾರೆ. ನನ್ನ ವಾರ್ಡಿನಿಂದ ಹೋದ ಹುಡುಗಿಯ ಅಪ್ಪ ಎಮ್ಮೆ ಮಾರಿ ಅಂಥ ಒಂದು ಕಡೆ ಮೂರು ಇಂಜೆಕ್ಷನ್ ಹಾಕಿಸಿ ಬಂದಿದ್ದ. ಕಲೆ ಇದ್ದ ಹಾಗೇ ಇತ್ತು. 2017ರ ಐಸಿಎಂಆರ್ ಮಾರ್ಗಸೂಚಿಯ ಪ್ರಕಾರ ರಕ್ತದ ಕಾಯಿಲೆಗಳಿಗೆ ಮಾಡುವ ಮಜ್ಜೆಯ ಕಸಿ ಬಿಟ್ಟರೆ ಉಳಿದದ್ದೆಲ್ಲ ಒಪ್ಪಿಗೆ ಪಡೆದ ಪ್ರಯೋಗವಾಗಿಯೇ ನಡೆಯಬೇಕು, ಪ್ರಯೋಗಕ್ಕೆ ಒಳಗಾಗುವವರಿಂದ ದುಡ್ಡು ಕೇಳಬಾರದು. ಆಮೇಲೆ 2020ರಲ್ಲಿ, ಕಾಲಿನ ರಕ್ತನಾಳ ಕಟ್ಟಿ ಹುಣ್ಣಾಗುವ ಕಾಯಿಲೆಗೆ ಬೆಂಗಳೂರಿನಲ್ಲೇ ತಯಾರಾದ ಒಂದು ಸ್ಟೆಮ್ ಸೆಲ್ ಔಷಧಕ್ಕೆ ಸರ್ಕಾರದ ಅನುಮತಿ ಸಿಕ್ಕಿದೆ. ಯಾರಾದರೂ ಹಣ ಕೇಳಿದರೆ ಮೊದಲು ಅನುಮತಿ ಪತ್ರ ತೋರಿಸಿ ಎನ್ನಿ. ನೊಂದವರ ಆಸೆ ಮಾರಿ ಬದುಕುವುದು ಚರ್ಮ ಸುಲಿಯುವುದಕ್ಕೂ ಕಡೆ.

ಮಂಡ್ಯದ ಹೆಂಗಸು ಬದುಕಿದಳು. ಬೆಳೆಸಿದ ಹಾಳೆ ನಮ್ಮಲ್ಲಿಗೆ ಬಂದಿರಲಿಲ್ಲ. ದಾನದ ಚರ್ಮ ಮೈ ಕಾಯುವಷ್ಟರಲ್ಲಿ ಅವಳ ಮೀನಖಂಡದಿಂದ ಸ್ವಲ್ಪ ಸ್ವಲ್ಪವೇ ತೆಗೆದು, ಬಲೆಯ ಹಾಗೆ ಸೀಳಿ ಹಿಗ್ಗಿಸಿ, ಮೂರು ಸಲ ಹಾಕಿದರು. ಮನೆಗೆ ಹೋಗುವ ದಿನ ನನ್ನ ಕೈ ಹಿಡಿದುಕೊಂಡು, "ಆ ಪುಣ್ಯಾತ್ಮರ ಮನೆಯೋರ್ಗೆ ಯೋಳಿ ಸಿಸ್ಟ್ರೇ, ನಾನ್ ಉಳ್ಕಂಡೆ ಅಂತ" ಎಂದಳು. ಯಾವ ಮನೆ ಎಂದು ನನಗೂ ಗೊತ್ತಿರಲಿಲ್ಲ. ಹೇಳುತ್ತೇನೆ ಎಂದೆ. ಈಗ ಹೇಳುತ್ತಿದ್ದೇನೆ.

ಹದಿನೆಂಟು ತುಂಬಿದ ಯಾರಾದರೂ ತೀರಿಕೊಂಡ ಮೇಲೆ ಚರ್ಮ ಕೊಡಬಹುದು. ಬಿಪಿ, ಸಕ್ಕರೆ ಕಾಯಿಲೆ ಇದ್ದರೂ ಅಡ್ಡಿಯಿಲ್ಲ. ರಕ್ತದ ಗುಂಪು ಹೊಂದಬೇಕಿಲ್ಲ. ತೊಡೆ, ಕಾಲು, ಬೆನ್ನಿನಿಂದ ಮೇಲಿನ ತೆಳ್ಳನೆಯ ಪದರ ಮಾತ್ರ ತೆಗೆಯುತ್ತಾರೆ. ಮುಖ ಮುಟ್ಟುವುದಿಲ್ಲ, ರಕ್ತ ಸುರಿಯುವುದಿಲ್ಲ. ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ, ಪಟ್ಟಿ ಕಟ್ಟಿ ಕೊಡುತ್ತಾರೆ. ಹೂಳುವವರು ಹೂಳಬಹುದು, ಸುಡುವವರು ಸುಡಬಹುದು. ಮುಂದಿನ ಜನ್ಮದಲ್ಲಿ ಚರ್ಮವಿಲ್ಲದೆ ಹುಟ್ಟುತ್ತಾರೆ ಎಂದು ಹೆದರಿಸುವವರ ಮಾತು ಕೇಳಬೇಡಿ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ, ಬೆಳಗಾವಿಯ ಕೆಎಲ್‌ಇಯಲ್ಲಿ ಸ್ಕಿನ್ ಬ್ಯಾಂಕ್ ಇವೆ. ಆರು ಗಂಟೆಯೊಳಗೆ ತಿಳಿಸಬೇಕು. ನನ್ನ ಮಗಳಿಗೆ ಹೇಳಿಟ್ಟಿದ್ದೇನೆ, ಅಳುವುದು ಆಮೇಲೆ, ಮೊದಲು ಫೋನ್ ಮಾಡು ಎಂದು.